ಗಂಟುರೋಗಕ್ಕೆ ಊರು ಯಾವುದು?

2022ರ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ದನದ ಡಾಕ್ಟರ ಹಿಂದೆ ನಾನೂ ಒಂದು ಮನೆಯ ಹಿತ್ತಲಿಗೆ ಹೋಗಿದ್ದೆ. ಬೇವಿನ ಮರಕ್ಕೆ ಒಂದು ಎತ್ತು ಕಟ್ಟಿತ್ತು. ಕುತ್ತಿಗೆಯಿಂದ ತೊಡೆಯವರೆಗೆ ಮೈತುಂಬಾ ಗಂಟು. ಕೆಲವು ಒಡೆದು, ಒಣಗಿ ಹಕ್ಕಳೆ ಕಟ್ಟಿದ್ದವು. ಮುಂಗಾಲು ಬಾತುಕೊಂಡಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಗಾಯಕ್ಕೆ ಮುಲಾಮು ಹಚ್ಚಿದರು. ಆಮೇಲೆ ಚಿಮಟದಿಂದ ಒಂದು ಹಕ್ಕಳೆ ಕಿತ್ತು, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರು. ಮುಚ್ಚಳ ಬಿಗಿದು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟರು.

"ಹಕ್ಕಳಿ ಒಯ್ದು ಏನ್ ಮಾಡ್ತೀರಿ ಸಾಹೇಬ್ರ?" ಎತ್ತಿನ ಯಜಮಾನ ಅಜ್ಜ ಕೇಳಿದರು.

"ಬೆಂಗಳೂರಿಗೆ ಕಳಸ್ತೀವ್ರಿ ಅಜ್ಜಾರ. ಈ ಬ್ಯಾನಿ ಎಲ್ಲಿಂದ ಬಂದೈತಿ ಅಂತ ನೋಡ್ತಾರ."

ಅಜ್ಜ ನಕ್ಕರು. "ಅದಕ್ಕ ಬೆಂಗಳೂರು ಯಾಕ್ ಬೇಕ್ರಿ? ನಾನ ಹೇಳ್ತೀನಲ್ಲ. ಸಂತಿಯಿಂದ ಬಂದೈತಿ."

ಅಜ್ಜನ ಆ ಮಾತು, ಡಾಕ್ಟರ ಆ ಡಬ್ಬಿ, ಎರಡೂ ಒಂದೇ ಪ್ರಶ್ನೆಗೆ ಉತ್ತರ. ಎರಡೂ ಅರ್ಧರ್ಧ ಉತ್ತರ. ಡಬ್ಬಿಯಲ್ಲಿರುವ ವೈರಸ್ಸಿನ ಜೀನ್ ಓದಿದರೆ ಅದು ಯಾವ ವಂಶದ್ದು ಅಂತ ಗೊತ್ತಾಗುತ್ತದೆ. ಯಾವ ಗಾಡಿ ಹತ್ತಿ ಈ ಹಿತ್ತಲಿಗೆ ಬಂತು ಅನ್ನುವುದು ಅಜ್ಜನಿಗೆ ಗೊತ್ತು. ಎರಡೂ ಒಂದೇ ಕಾಗದದ ಮೇಲೆ ಬಂದರೆ ಮಾತ್ರ ರೋಗದ ದಾರಿ ಕಾಣುತ್ತದೆ. ನಮ್ಮಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ.

ಆ ವರ್ಷದ ಸ್ಥಿತಿ ನೆನಪಿರಬೇಕು. ರಾಜ್ಯದಲ್ಲಿ ಚರ್ಮಗಂಟು ರೋಗದ, ಅಂದರೆ ಈ ಗಂಟುರೋಗದ, ಏಟು ಜಾಸ್ತಿ ಬಿದ್ದ ಜಿಲ್ಲೆಗಳಲ್ಲಿ ಹಾವೇರಿ ಮುಂದಿತ್ತು. ದನದ ಸಂತೆ, ಜಾತ್ರೆ, ಸಾಗಾಟಕ್ಕೆ ನಿರ್ಬಂಧ ಬಂತು. ಸತ್ತ ಎತ್ತಿಗೆ 30 ಸಾವಿರ, ಆಕಳಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತು. ದೀಪಾವಳಿಗೆ ಕೊಬ್ಬರಿ ಹಾರ ಕಟ್ಟಿ ಹೋರಿ ಓಡಿಸುವ ಸೀಮೆ ಇದು. ಒಳ್ಳೆ ಹೋರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುವ ಜನರಿಗೆ ಆ ಲೆಕ್ಕ ಎಲ್ಲಿಗೂ ಸಾಲುವಂಥದ್ದಲ್ಲ. ಅದು ಬೇರೆ ಮಾತು, ಬಿಡಿ.

ಈಗ ಡಬ್ಬಿಗೆ ಬರೋಣ. ವೈರಸ್ಸಿನ ಜೀನ್‌ಗಳೆಲ್ಲ ಸೇರಿ ಒಂದು ಬರಹ ಅಂದುಕೊಳ್ಳಿ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ. ದನಕ್ಕೆ ಬರುವ ಇನ್ನೊಂದು ರೋಗ ಕಾಲುಬಾಯಿ ಬೇನೆ, ಅದರ ವೈರಸ್ಸಿನಲ್ಲಿ ಸುಮಾರು 8,400 ಅಕ್ಷರ ಇರುತ್ತವೆ. ಗಂಟುರೋಗದ ವೈರಸ್ಸಿನಲ್ಲಿ ಸುಮಾರು 1 ಲಕ್ಷ 51 ಸಾವಿರ. ದನದ ಮೈಯೊಳಗೆ ವೈರಸ್ ಹೆಚ್ಚುವುದು ಅಂದರೆ ಈ ಬರಹ ಮತ್ತೆ ಮತ್ತೆ ಪ್ರತಿ ಆಗುವುದು. ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ.

ಧಾರವಾಡದಲ್ಲಿ ಹಳೆ ಹಸ್ತಪ್ರತಿಗಳನ್ನು ಸಂಪಾದನೆ ಮಾಡುವವರಿಗೆ ಈ ಲೆಕ್ಕ ಹೊಸದಲ್ಲ. ಒಂದು ಕಾವ್ಯದ ಹತ್ತು ತಾಳೆಗರಿ ಪ್ರತಿ ಸಿಕ್ಕರೆ ಹತ್ತರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಯಾರೋ ಒಬ್ಬ ಲಿಪಿಕಾರ ತೂಕಡಿಸುತ್ತಾ ಒಂದು ಸಾಲು ಬಿಟ್ಟಿರುತ್ತಾನೆ. ಅವನ ಪ್ರತಿ ನೋಡಿ ಬರೆದವರೆಲ್ಲ ಆ ಸಾಲು ಬಿಟ್ಟಿರುತ್ತಾರೆ. ಜೊತೆಗೆ ತಮ್ಮದೂ ಒಂದೊಂದು ತಪ್ಪು ಸೇರಿಸಿರುತ್ತಾರೆ. ಒಂದೇ ತಪ್ಪು ಹಂಚಿಕೊಂಡ ಪ್ರತಿಗಳು ಒಂದೇ ಮನೆತನದವು. ತಪ್ಪುಗಳನ್ನೇ ಹಿಡಿದುಕೊಂಡು ಯಾವುದು ಯಾವುದರಿಂದ ಹುಟ್ಟಿತು ಅಂತ ವಂಶವೃಕ್ಷ ಬರೆಯಬಹುದು. ವೈರಸ್ ಜಾಡು ಹಿಡಿಯುವವರು ಮಾಡುವುದೂ ಇದನ್ನೇ. ಪಂಡಿತರ ಜಾಗದಲ್ಲಿ ಕಂಪ್ಯೂಟರ್ ಕೂತಿದೆ, ಅಷ್ಟೆ.

ಆದರೆ ಎಲ್ಲ ಲಿಪಿಕಾರರೂ ಒಂದೇ ಥರ ಅಲ್ವಲ್ಲ. ಕಾಲುಬಾಯಿ ವೈರಸ್ಸಿನದು ಆರ್‌ಎನ್‌ಎ ಬರಹ. ಅದು ಪ್ರತಿ ಮಾಡುವುದರಲ್ಲಿ ಮಹಾ ಅವಸರದ್ದು, ತಿದ್ದುವ ಗೋಜಿಗೇ ಹೋಗುವುದಿಲ್ಲ. ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ದಾಟುವಷ್ಟರಲ್ಲಿ ಕೆಲವು ಅಕ್ಷರ ಬದಲಾಗಿರುತ್ತವೆ. ಹೀಗಾಗಿ ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಅನ್ನುವವರೆಗೂ ಅದರ ಜಾಡು ಹಿಡಿಯಬಹುದು. ಗಂಟುರೋಗದ್ದು ಸಿಡುಬಿನ ಜಾತಿಯ ವೈರಸ್. ಅದರದು ಡಿಎನ್‌ಎ ಬರಹ, ಕೈ ಬಲು ನಿಧಾನ. ವರ್ಷವಿಡೀ ಓಡಾಡಿದರೂ ಬೆರಳೆಣಿಕೆಯಷ್ಟು ಅಕ್ಷರ ಬದಲಾದರೆ ಹೆಚ್ಚು. ಅಂದರೆ ಆಚೆ ಮನೆ ಎತ್ತಿನ ಗಂಟೂ ಈಚೆ ಮನೆ ಎತ್ತಿನ ಗಂಟೂ ಓದಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಳ್ಳಿಯೊಳಗಿನ ದಾರಿ ಅದರಲ್ಲಿ ಸಿಗುವುದಿಲ್ಲ. ದೇಶದಿಂದ ದೇಶಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಹೋದ ದಾರಿ ಮಾತ್ರ ಸಿಗುತ್ತದೆ.

ಜೀನ್ ಪರೀಕ್ಷೆ ಅಂದ ಕೂಡಲೇ ಎಲ್ಲ ರೋಗಕ್ಕೂ ಒಂದೇ ಬಗೆಯ ಉತ್ತರ ಬರುತ್ತದೆ ಅಂತ ನಾವು ತಿಳಿದುಕೊಂಡುಬಿಡುತ್ತೇವೆ. ಹಾಗೇನಿಲ್ಲ.

ಅವಸರದ ಲಿಪಿಕಾರನ ಕತೆ ಮೊದಲು ನೋಡೋಣ. ಕಾಲುಬಾಯಿ ವೈರಸ್ಸಿನಲ್ಲಿ ಏಳು ಬಗೆ. ಈಗ ನಮ್ಮ ದೇಶದಲ್ಲಿ ಓಡಾಡುವುದು ಮೂರು: ಓ, ಎ ಮತ್ತು ಏಷ್ಯಾ-1. ಎಲ್ಲ 8,400 ಅಕ್ಷರ ಓದುವ ಬದಲು ವಿಪಿ-1 ಅನ್ನುವ ಒಂದು ತುಂಡನ್ನು, ಸುಮಾರು 630 ಅಕ್ಷರಗಳನ್ನು ಓದಿದರೂ ಯಾವ ಕವಲು ಅಂತ ತಿಳಿಯುತ್ತದೆ. 2013ರಲ್ಲಿ ಕರ್ನಾಟಕದಲ್ಲಿ ಈ ಬೇನೆ ಎದ್ದು ಸಾವಿರಾರು ದನ ಸತ್ತವು. ನಮ್ಮ ಕಡೆಯ ರೈತರು ಅದನ್ನು ಈಗಲೂ ಮರೆತಿಲ್ಲ. ಮಾದರಿ ಓದಿದಾಗ ಕಂಡದ್ದು ಓ ಬಗೆಯ ‘ಇಂಡ್ 2001’ ವಂಶದ ‘ಡಿ’ ಕವಲು. ಅದೇ 2013ರಲ್ಲಿ ಅದೇ ಕವಲು ಲಿಬಿಯಾದಲ್ಲೂ ಸೌದಿ ಅರೇಬಿಯಾದಲ್ಲೂ ಸಿಕ್ಕಿತು. ಮರುವರ್ಷ ಟ್ಯುನೀಷಿಯಾ, ಅಲ್ಜೀರಿಯಾ. 2015ಕ್ಕೆ ಮೊರಾಕ್ಕೊ. ನಮ್ಮ ದಕ್ಷಿಣದ ಕೊಟ್ಟಿಗೆಗಳಲ್ಲಿ ಜೊಲ್ಲು ಸುರಿಸಿಕೊಂಡು ನಿಂತಿದ್ದ ಆಕಳಿಗೂ ಸಹಾರಾ ಅಂಚಿನ ಕುರಿಗೂ ಬಂದದ್ದು ಒಂದೇ ಮನೆತನದ ವೈರಸ್. ಇಲ್ಲಿಂದಲೇ ನೇರವಾಗಿ ಅಲ್ಲಿಗೆ ಹೋಯಿತು ಅಂತ ಇದರ ಅರ್ಥವಲ್ಲ. ಭಾರತ ಉಪಖಂಡದಲ್ಲಿ ಹುಟ್ಟಿದ ಕವಲು ಹೊರಗೆ ಹರಡಿತು ಅನ್ನುವಷ್ಟು ಮಾತ್ರ ಬರಹ ಹೇಳುತ್ತದೆ.

ಇದು ಮೊದಲ ಸಲವೂ ಅಲ್ಲ. 1990ರಲ್ಲಿ ಭಾರತದಲ್ಲಿ ಕಂಡ ‘ಪ್ಯಾನ್ ಏಷ್ಯಾ’ ಎಂಬ ಕವಲು ಮೆಲ್ಲಗೆ ಹರಡುತ್ತಾ 2000ದಲ್ಲಿ ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ ಮುಟ್ಟಿತು. 2001ರಲ್ಲಿ ಬ್ರಿಟನ್ನಿಗೆ ಹೊಕ್ಕಿತು. ಅಲ್ಲಿ 60 ಲಕ್ಷಕ್ಕಿಂತ ಹೆಚ್ಚು ಪ್ರಾಣಿಗಳನ್ನು ಕೊಂದರು. ಬಹುಪಾಲು ಕುರಿಗಳು. ಹೆಣ ಸುಡುವ ಹೊಗೆಯ ಚಿತ್ರಗಳು ಆಗ ನಮ್ಮ ಪತ್ರಿಕೆಗಳಲ್ಲೂ ಬಂದಿದ್ದವು.

ಬ್ರಿಟನ್ನಿನದೇ ಇನ್ನೊಂದು ಕತೆ ನನಗೆ ಇದಕ್ಕಿಂತ ಹೆಚ್ಚು ಇಷ್ಟ. 2007ರ ಆಗಸ್ಟ್. ಲಂಡನ್ನಿಗೆ ದೂರವಲ್ಲದ ಸರ್ರೆ ಸೀಮೆಯ ಒಂದು ಫಾರ್ಮಿನಲ್ಲಿ ಕಾಲುಬಾಯಿ ಬೇನೆ ಕಾಣಿಸಿತು. ಯಾವ ದೇಶದಿಂದ ಬಂತು ಅಂತ ಎಲ್ಲರಿಗೂ ಗಾಬರಿ. ಬರಹ ಓದಿ ನೋಡಿದರೆ ಅದು ಆಗ ಜಗತ್ತಿನಲ್ಲಿ ಎಲ್ಲೂ ಓಡಾಡುತ್ತಲೇ ಇಲ್ಲದ, 1967ರ ಹಳೆಯ ವೈರಸ್! ನಲವತ್ತು ವರ್ಷದಲ್ಲಿ ಅದರ ಅಕ್ಷರಗಳು ಬದಲಾಗಬೇಕಿತ್ತು. ಬದಲಾಗಿಲ್ಲ ಅಂದರೆ ಎಲ್ಲೋ ಫ್ರಿಜ್ಜಿನಲ್ಲಿ ಕೂತಿತ್ತು ಅಂತ ಅರ್ಥ. ಅದನ್ನು ಇಟ್ಟುಕೊಂಡವರು ಕೆಲವೇ ಕಿಲೋಮೀಟರ್ ದೂರದಲ್ಲಿದ್ದರು. ಪಿರ್‌ಬ್ರೈಟ್ ಎಂಬಲ್ಲಿ ಇದೇ ರೋಗದ ಪ್ರಯೋಗಾಲಯ ಮತ್ತು ಲಸಿಕೆ ಕಾರ್ಖಾನೆ ಒಂದೇ ಆವರಣದಲ್ಲಿದ್ದವು. ತನಿಖೆ ಮಾಡಿದಾಗ ಬೊಟ್ಟು ತೋರಿಸಿದ್ದು ಸೋರುತ್ತಿದ್ದ ಹಳೆ ಚರಂಡಿ ಪೈಪಿನ ಕಡೆಗೆ, ಅಲ್ಲಿ ಕೆಲಸಕ್ಕೆ ಬಂದ ಲಾರಿಗಳ ಗಾಲಿಗೆ ಹತ್ತಿದ ಮಣ್ಣಿನ ಕಡೆಗೆ.

ಕತೆ ಅಲ್ಲಿಗೇ ನಿಲ್ಲಲಿಲ್ಲ. ರೋಗ ಮುಗಿಯಿತು ಅಂದುಕೊಂಡ ಮೇಲೆ ಸೆಪ್ಟೆಂಬರಿನಲ್ಲಿ ಮತ್ತೆ ಎದ್ದಿತು. ಆಗಸ್ಟ್ ಮತ್ತು ಸೆಪ್ಟೆಂಬರಿನ ವೈರಸ್ಸುಗಳ ಪೂರ್ತಿ ಬರಹ ಪಕ್ಕಪಕ್ಕ ಇಟ್ಟು ನೋಡಿದರು. ನಡುವೆ ಒಂದು ಕೊಂಡಿ ಕಾಣೆಯಾಗಿತ್ತು. ಯಾರದೋ ಒಂದು ಫಾರ್ಮಿನಲ್ಲಿ ರೋಗ ಬಂದು, ಯಾರ ಕಣ್ಣಿಗೂ ಬೀಳದೆ ವಾಸಿಯಾಗಿರಬೇಕು ಅಂತ ಬರಹವೇ ಹೇಳುತ್ತಿತ್ತು. ಆಮೇಲೆ ರಕ್ತಪರೀಕ್ಷೆಯಲ್ಲಿ ಅಂಥ ಫಾರ್ಮ್ ಸಿಕ್ಕೇಬಿಟ್ಟಿತು. ಲಿಪಿಕಾರರ ತಪ್ಪು ನೋಡಿ, ‘ನಡುವೆ ಒಂದು ಪ್ರತಿ ಕಳೆದುಹೋಗಿದೆ’ ಅನ್ನುವ ಪಂಡಿತನ ಮಾತು ನಿಜವಾದಂತೆ.

ಈಗ ನಿಧಾನದ ಲಿಪಿಕಾರ, ನಮ್ಮ ಗಂಟುರೋಗ. ಇದು ಮೊದಲು ಕಂಡದ್ದು 1929ರಲ್ಲಿ, ಈಗಿನ ಜಾಂಬಿಯಾದಲ್ಲಿ. ಎಷ್ಟೋ ದಶಕ ಆಫ್ರಿಕಾ ಬಿಟ್ಟು ಹೊರಗೆ ಬಂದಿರಲಿಲ್ಲ. ಭಾರತಕ್ಕೆ ಬಂದದ್ದು 2019ರಲ್ಲಿ. ಆಗಸ್ಟಿನಲ್ಲಿ ಒಡಿಶಾದಿಂದ ಮೊದಲ ಸುದ್ದಿ ಬಂತು. ಆಗಿನ ವೈರಸ್ ಓದಿದಾಗ ಅದು ಕೀನ್ಯಾದ ಹಳೆಯ ತಳಿಗೆ ಹತ್ತಿರ ಇತ್ತು. ರೋಗ ಹರಡಿತು, ಆದರೆ ಸಾವು ಕಡಿಮೆ. 2022ರಲ್ಲಿ ಚಿತ್ರವೇ ಬೇರೆ. ಗುಜರಾತ್, ರಾಜಸ್ಥಾನದಲ್ಲಿ ದನಗಳು ಸಾಲುಸಾಲಾಗಿ ಬಿದ್ದವು. ಅಲ್ಲಿಂದ ಮಹಾರಾಷ್ಟ್ರ, ನಂತರ ನಾವು. ದೇಶದಲ್ಲಿ ಸತ್ತ ದನಗಳ ಲೆಕ್ಕ ಲಕ್ಷ ದಾಟಿತು.

ಅದೇ ವೈರಸ್ ಮೂರು ವರ್ಷದಲ್ಲಿ ಇಷ್ಟು ಕೆಟ್ಟದ್ದಾಯಿತೇ, ಇಲ್ಲಾ ಬೇರೆಯದೇ ಬಂತೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕದ ಮಾದರಿಗಳನ್ನು ತಂದು 22 ವೈರಸ್ಸುಗಳ ಪೂರ್ತಿ ಬರಹ ಓದಿತು. 2024ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದೇಶದಲ್ಲಿ ಎರಡು ಬೇರೆ ಬೇರೆ ಗುಂಪು ಓಡಾಡುತ್ತಿದ್ದವು. ಒಂದು ಗುಂಪು 2019ರ ರಾಂಚಿ, 2020ರ ಹೈದರಾಬಾದ್ ವೈರಸ್ಸುಗಳಿಗೆ ಹತ್ತಿರ. ಇನ್ನೊಂದರಲ್ಲಿ ಬದಲಾವಣೆ ಬಹಳ ಜಾಸ್ತಿ, ಅದು 2015ರಲ್ಲಿ ರಷ್ಯಾದಲ್ಲಿ ಕಂಡ ತಳಿಗೆ ಹತ್ತಿರ. ಒಟ್ಟು 1,800ಕ್ಕೂ ಹೆಚ್ಚು ವ್ಯತ್ಯಾಸ ಸಿಕ್ಕವು.

ಇಲ್ಲಿ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಅಕ್ಷರ ಬದಲಾಗುವ ವೈರಸ್ ಇದು. ಮೂರು ವರ್ಷದಲ್ಲಿ ಅದು ಇಲ್ಲೇ ಕೂತು ಇಷ್ಟೊಂದು ಬದಲಾಯಿತು ಅನ್ನುವುದು ನಂಬುವ ಮಾತಲ್ಲ. ಎರಡನೇ ಸಲ ಹೊರಗಿನಿಂದ ಬಂತು ಅನ್ನುವುದೇ ಹೆಚ್ಚು ಒಪ್ಪುವ ಮಾತು ಅಂತ ನನಗನ್ನಿಸುತ್ತದೆ. ಹಾಗಿದ್ದರೆ 2019ರಲ್ಲಿ ತೆರೆದಿದ್ದ ಬಾಗಿಲು 2022ಕ್ಕೂ ತೆರೆದೇ ಇತ್ತು ಅಂತಾಯಿತು.

ಇನ್ನು ಲಸಿಕೆ ಮಾತು. ಹಳ್ಳಿಗಳಲ್ಲಿ ಆಗ ನಾನು ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ಇದು: "ಸೂಜಿ ಮಾಡಿಸಿದ ಮ್ಯಾಲೇ ಗಂಟು ಎದ್ದುವ್ರಿ. ಸೂಜಿಯಿಂದಾನ ಬಂತು." ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕುವ ಮಾತಲ್ಲ. ಸೂಜಿ ಹಾಕಿದ ಮೇಲೆ ಗಂಟು ಏಳಲು ಒಂದಕ್ಕಿಂತ ಹೆಚ್ಚು ಕಾರಣ ಇರಬಹುದು. ಸೂಜಿಗೆ ಮೊದಲೇ ಸೋಂಕು ತಗುಲಿ ಒಳಗೆ ಕೂತಿರಬಹುದು. ಸೂಜಿ ಹಾಕಿದ ಮೇಲೆ ಮೈಯಲ್ಲಿ ತಡೆಯುವ ಶಕ್ತಿ ಬರಲು ಎರಡು ಮೂರು ವಾರ ಬೇಕು, ಆ ನಡುವೆ ನೊಣ ಕಚ್ಚಿರಬಹುದು. ಅಥವಾ ನಿಜಕ್ಕೂ ಲಸಿಕೆಯಲ್ಲಿರುವ, ಬಲ ಕುಗ್ಗಿಸಿದ ಜೀವಂತ ವೈರಸ್ಸೇ ಎದ್ದಿರಬಹುದು. ಕಣ್ಣಿಗೆ ಎಲ್ಲ ಗಂಟೂ ಒಂದೇ. ಬರಹ ಓದಿದರೆ ಮಾತ್ರ ಬೇರೆ ಬೇರೆ.

ನಮ್ಮಲ್ಲಿ ಆಗ ಹಾಕುತ್ತಿದ್ದದ್ದು ಮೇಕೆ ಸಿಡುಬಿನ ಲಸಿಕೆ. ಮೇಕೆ ಸಿಡುಬಿನ ವೈರಸ್ ಗಂಟುರೋಗದ ವೈರಸ್ಸಿನ ದಾಯಾದಿ. ಎರಡರ ಬರಹ ನೂರಕ್ಕೆ 96-97ರಷ್ಟು ಒಂದೇ. ಉಳಿದ ಮೂರು ನಾಲ್ಕರಷ್ಟು ವ್ಯತ್ಯಾಸ ಸಾಕು, ಗಂಟಿನಲ್ಲಿರುವುದು ಯಾವುದು ಅಂತ ಒಂದು ಪಿಸಿಆರ್ ಪರೀಕ್ಷೆ ಹೇಳಿಬಿಡುತ್ತದೆ. ಸೂಜಿಯಿಂದಲೇ ಬಂತು ಅನ್ನುವ ರೈತನಿಗೆ ಭಾಷಣ ಮಾಡುವುದಕ್ಕಿಂತ ಅವನದೇ ಎತ್ತಿನ ಹಕ್ಕಳೆಯ ರಿಪೋರ್ಟ್ ಕೈಗಿಟ್ಟರೆ ಎಷ್ಟೋ ವಾಸಿ, ಅಲ್ವಾ?

ಹಾಗಂತ ಲಸಿಕೆಯಿಂದ ಯಾವತ್ತೂ ತೊಂದರೆ ಆಗಿಲ್ಲ ಅಂತ ಹೇಳುವಂತಿಲ್ಲ. 2017ರಲ್ಲಿ ರಷ್ಯಾದಲ್ಲಿ ಒಂದು ವಿಚಿತ್ರ ಗಂಟುರೋಗದ ವೈರಸ್ ಸಿಕ್ಕಿತು. ಬರಹದ ಒಂದಿಷ್ಟು ಭಾಗ ಲಸಿಕೆಯ ತಳಿಯದು, ಒಂದಿಷ್ಟು ಭಾಗ ಹೊರಗೆ ಓಡಾಡುವ ತಳಿಯದು. ಎರಡು ತಾಳೆಗರಿ ಕಟ್ಟುಗಳ ಗರಿ ಕಲಸಿ ಒಂದು ಕಟ್ಟು ಮಾಡಿದಂತೆ. ಆಮೇಲೆ ಇಂಥವೇ ಚೀನಾ, ವಿಯೆಟ್ನಾಂ, ಥಾಯ್ಲೆಂಡಿನಲ್ಲಿ ಕಂಡವು. ಹಿಂದೆ ಹಿಂದೆ ಹೋದಾಗ ಪಕ್ಕದ ಕಝಾಕಿಸ್ತಾನದಲ್ಲಿ ಬಳಸಿದ್ದ ಒಂದು ಲಸಿಕೆಯ ಬಾಟಲಿಯಲ್ಲೇ ಒಂದಕ್ಕಿಂತ ಹೆಚ್ಚು ತಳಿ ಬೆರೆತಿದ್ದವು ಅಂತ ಗೊತ್ತಾಯಿತು. ಅದನ್ನು ಹಿಡಿದುಕೊಟ್ಟದ್ದೂ ಇದೇ ಅಕ್ಷರ ಓದುವ ಕೆಲಸ. ಲಸಿಕೆ ಬೇಡ ಅನ್ನುವವರಿಗೂ, ಲಸಿಕೆಯನ್ನು ಪ್ರಶ್ನೆಯೇ ಮಾಡಬಾರದು ಅನ್ನುವವರಿಗೂ ಇದರಲ್ಲಿ ಕಹಿ ಇದೆ.

ನಮ್ಮದೇ ಗಂಟುರೋಗದ ಲಸಿಕೆ ಲಂಪಿ-ಪ್ರೊವ್ಯಾಕ್ ಅನ್ನು ಹರಿಯಾಣದ ಹಿಸಾರಿನ ವಿಜ್ಞಾನಿಗಳು 2019ರ ರಾಂಚಿ ವೈರಸ್ಸಿನಿಂದ ತಯಾರಿಸಿದರು, 2022ರ ಆಗಸ್ಟಿನಲ್ಲಿ ಬಿಡುಗಡೆ ಆಯಿತು. ಕೋಲಾರ ಜಿಲ್ಲೆ ಮಾಲೂರಿನ ಕಂಪನಿಯೊಂದರ ಲಸಿಕೆಗೆ 2025ರಲ್ಲಿ ಅನುಮತಿ ಸಿಕ್ಕಿದೆ. ಸೋಂಕಾದ ದನ ಯಾವುದು, ಲಸಿಕೆ ಪಡೆದ ದನ ಯಾವುದು ಅಂತ ಬೇರ್ಪಡಿಸಿ ಹೇಳಬಹುದು ಅನ್ನುವುದು ಅದರ ಹೆಗ್ಗಳಿಕೆ.

ಇಷ್ಟೆಲ್ಲ ಆದಮೇಲೂ ಅಜ್ಜನ ಮಾತು ಹಾಗೇ ಉಳಿಯಿತು. "ಸಂತಿಯಿಂದ ಬಂದೈತಿ."

ಗಂಟುರೋಗ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ. ನೊಣ ಹಾರಿ ಹಾರಿ ಎಷ್ಟು ದೂರ ಹೋದೀತು? ಊರಿಂದ ಪಕ್ಕದೂರಿಗೆ ಹೋದೀತು. ಒಂದೇ ವಾರದಲ್ಲಿ ನೂರಾರು ಕಿಲೋಮೀಟರ್ ದಾಟಿತು ಅಂದರೆ ಅದು ಗಾಡಿ ಹತ್ತಿಯೇ ಹೋಗಿದೆ, ದನದ ಜೊತೆಗೆ. ಹಾವೇರಿಯ ದನದ ಸಂತೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹುಬ್ಬಳ್ಳಿ, ಗದಗ, ದಾವಣಗೆರೆ ಕಡೆಯಿಂದೆಲ್ಲ ಟೆಂಪೋಗಳು ಬಂದು ನಿಲ್ಲುತ್ತವೆ. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ನಡೆಯುತ್ತದೆ. ದಲಾಲರು ಒಂದು ಸಂತೆಯಲ್ಲಿ ಕೊಂಡು ಇನ್ನೊಂದರಲ್ಲಿ ಮಾರುತ್ತಾರೆ. ಸಂಜೆಗೆ ಒಂದು ಎತ್ತು ಮೂರು ಕೈ ದಾಟಿರುತ್ತದೆ. ಬೆಲೆಯೇ ಟವೆಲ್ ಕೆಳಗೆ ಗುಟ್ಟಾಗಿ ನಡೆಯುವಲ್ಲಿ ಎತ್ತು ಯಾವ ಊರಿನದು ಅಂತ ಯಾರು ಬರೆದಿಡುತ್ತಾರೆ?

ಬರೆದಿಡುವ ಸಾಧನ ಇಲ್ಲ ಅಂತಲ್ಲ. ದನದ ಕಿವಿಯಲ್ಲಿ ಹಳದಿ ಬಿಲ್ಲೆ ನೋಡಿರುತ್ತೀರಿ. ಅದರ ಮೇಲೆ 12 ಅಂಕಿ ಇದೆ. ಆ ದನಕ್ಕೆ ಯಾವಾಗ ಲಸಿಕೆ ಹಾಕಿದರು, ಯಾರ ದನ ಅನ್ನುವುದೆಲ್ಲ ಆ ನಂಬರಿನಡಿ ಕಂಪ್ಯೂಟರಿಗೆ ಹೋಗಬೇಕು. ಕಾಲುಬಾಯಿ ಬೇನೆ ಹತೋಟಿಗೆ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೂ ಇದೇ ಬಿಲ್ಲೆ ಆಧಾರ. ಆದರೆ ಎತ್ತು ಮಾರಿದ ದಿನ ಮಾಲೀಕನ ಹೆಸರು ಬದಲಾಯಿಸುವವರು ಎಷ್ಟು ಮಂದಿ? ಬಿಲ್ಲೆಯನ್ನೇ ಕತ್ತರಿಸಿ ಹಾಕಿದ ದನಗಳನ್ನೂ ನಾನು ನೋಡಿದ್ದೇನೆ.

ಊರು ಮತ್ತು ದಿನಾಂಕ ಇಲ್ಲದ ಬರಹದಿಂದ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ. 2024ರ ಮಾರ್ಚಿನಲ್ಲಿ ಅಲ್ಲಿನ ಹಾಲಿನ ಆಕಳುಗಳಲ್ಲಿ ಹಕ್ಕಿಜ್ವರ ಕಂಡಿತು. ಏಪ್ರಿಲಿನಲ್ಲಿ ಅಲ್ಲಿನ ಕೃಷಿ ಇಲಾಖೆ ವೈರಸ್ಸುಗಳ ಬರಹವನ್ನು ಎಲ್ಲರಿಗೂ ಕಾಣುವಂತೆ ಹಾಕಿತು. ಆದರೆ ಯಾವ ರಾಜ್ಯದ್ದು, ಯಾವ ದಿನದ್ದು ಅಂತ ಹಾಕಲಿಲ್ಲ. ವಿಜ್ಞಾನಿಗಳು ತಲೆ ಚಚ್ಚಿಕೊಂಡರು. ಹಕ್ಕಿಯಿಂದ ಆಕಳಿಗೆ 2023ರ ಕೊನೆಯ ಹೊತ್ತಿಗೆ ಒಂದೇ ಸಲ ದಾಟಿದೆ, ಆಮೇಲೆ ಆಕಳಿಂದ ಆಕಳಿಗೆ ಹರಡಿದೆ ಅನ್ನುವವರೆಗೆ ಅಕ್ಷರಗಳೇ ಹೇಳಿದವು. ಯಾವ ಫಾರ್ಮಿನಿಂದ ಯಾವ ಫಾರ್ಮಿಗೆ ಅಂದರೆ ಮೌನ. ಅಷ್ಟು ದುಡ್ಡಿರುವ ದೇಶದ ಗತಿ ಇದು.

ನಮ್ಮಲ್ಲಿ ಲ್ಯಾಬುಗಳಿಗೆ ಕೊರತೆ ಇಲ್ಲ ಅನ್ನಬೇಕು. ಕಾಲುಬಾಯಿ ಬೇನೆಗೆ ಭುವನೇಶ್ವರದಲ್ಲಿ ರಾಷ್ಟ್ರೀಯ ಸಂಸ್ಥೆ ಇದೆ, ಅಪಾಯದ ವೈರಸ್ಸುಗಳಿಗೆ ಭೋಪಾಲಿನಲ್ಲಿ ಒಂದಿದೆ, ಬೆಂಗಳೂರಿನ ಹೆಬ್ಬಾಳ, ಯಲಹಂಕದಲ್ಲೂ ದನಕರುಗಳ ರೋಗದ ಸಂಸ್ಥೆಗಳಿವೆ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಮೊಬೈಲ್ ಫೋನಿನಷ್ಟು ದೊಡ್ಡ ಯಂತ್ರದಲ್ಲಿ ವೈರಸ್ ಓದುವ ಕಾಲ ಇದು. ನನ್ನನ್ನು ಕೇಳಿದರೆ ಈ ಕಡೆಗೆ ಇನ್ನೊಂದು ಯಂತ್ರಕ್ಕಿಂತ ಮೊದಲು ಬೇಕಾದದ್ದು ಎರಡು. ಡಬ್ಬಿಯ ಜೊತೆ ಹೋಗುವ ಕಾಗದದಲ್ಲಿ ಕಿವಿಬಿಲ್ಲೆಯ ನಂಬರ್, ಹಿಂದಿನ ಒಂದು ತಿಂಗಳು ದನ ಎಲ್ಲೆಲ್ಲಿ ಇತ್ತು ಅನ್ನುವ ಮಾಹಿತಿ ಇರಬೇಕು. ಮತ್ತೆ ಉತ್ತರ ವಾಪಸ್ ಬರಬೇಕು. ಹಕ್ಕಳೆ ಕಿತ್ತ ದವಾಖಾನಿಗೆ, ಕೆಲವೇ ದಿನದಲ್ಲಿ, ಕನ್ನಡದಲ್ಲಿ. ವರ್ಷಗಳ ನಂತರ ಇಂಗ್ಲಿಷ್ ಪತ್ರಿಕೆಯಲ್ಲಿ ಬರುವ ವಂಶವೃಕ್ಷ ವಿಜ್ಞಾನಕ್ಕೆ ಬೇಕೇ ಬೇಕು. ಸಂತೆ ಮುಚ್ಚಬೇಕೋ ಬೇಡವೋ ಅಂತ ನಾಳೆ ಬೆಳಗ್ಗೆ ತೀರ್ಮಾನ ಮಾಡುವ ಅಧಿಕಾರಿಗೆ ಅದರಿಂದ ಏನೂ ಸಿಗುವುದಿಲ್ಲ.

ಈ ಎರಡರಲ್ಲಿ ಮೊದಲನೆಯದು ಎಷ್ಟು ಕಷ್ಟ ಅನ್ನುವುದು ಆ ದಿನವೇ ನನಗೆ ಗೊತ್ತಾಗಿತ್ತು. ಡಬ್ಬಿ ಪೆಟ್ಟಿಗೆಗೆ ಹೋದ ಮೇಲೆ ಡಾಕ್ಟರು ಗೋದಲಿಯ ಕಟ್ಟೆ ಮೇಲೆ ಕೂತು ಫಾರಂ ತುಂಬತೊಡಗಿದರು. ಹೆಸರು, ಊರು, ಎತ್ತಿನ ವಯಸ್ಸು. ಆಮೇಲೆ ಕೇಳಿದರು: "ಎತ್ತು ಎಲ್ಲಿಂದ ತಂದಿದ್ರಿ ಅಜ್ಜಾರ? ಯಾವಾಗ?"

ಅಜ್ಜ ಈಗ ನಗಲಿಲ್ಲ. ಮಗನ ಮುಖ ನೋಡಿದರು. ಸಂತೆಯಿಂದ ತಂದದ್ದು ಅಂತ ಬರೆಸಿದರೆ, ನಾಳೆ ಎತ್ತು ಸತ್ತಾಗ ಪರಿಹಾರಕ್ಕೆ ಏನಾದರೂ ತಕರಾರು ಬಂದರೆ? ಆ ಭಯಕ್ಕೆ ಆಧಾರ ಇತ್ತೋ ಇಲ್ಲವೋ, ಅದು ಮಗನ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

"ಮನಿ ಎತ್ತರೀ ಸಾಹೇಬ್ರ. ಇಲ್ಲೇ ಹುಟ್ಟಿದ್ದು. ಹಂಗ ಬರೀರಿ."

ಡಾಕ್ಟರು ಪೆನ್ನು ಎತ್ತಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಅಜ್ಜ ಹೇಳಿದಂತೆ ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕಾಗದವನ್ನು ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ಟೇಪಿನಿಂದ ಅಂಟಿಸಿದರು.